ಕೂಡಿಸುವ ಕೈ, ಕೊಡುವ ಕೈ

2024ರ ನವೆಂಬರ್ 17ರ ಭಾನುವಾರ ಕೀನ್ಯಾದ ಅಧ್ಯಕ್ಷ ವಿಲಿಯಂ ರುಟೊ ನೈರೋಬಿಯ ಕಯೋಲೆಯಲ್ಲಿರುವ ಕ್ಯಾಥೊಲಿಕ್ ಚರ್ಚಿಗೆ ಹೋದರು. ಪಾದ್ರಿಗಳ ಮನೆ ಕಟ್ಟಲು 20 ಲಕ್ಷ ಶಿಲಿಂಗ್ ಕೊಟ್ಟರು. ಹಾಡುವ ತಂಡಗಳಿಗೆ ಬೇರೆ ಹಣ ಕೊಟ್ಟು, ಒಂದು ಬಸ್ಸು ಕೊಡಿಸುವುದಾಗಿಯೂ ಮಾತು ಕೊಟ್ಟರು. ಮರುದಿನವೇ ಆರ್ಚ್‌ಬಿಷಪ್ ಫಿಲಿಪ್ ಅನ್ಯೋಲೊ ಆ ಹಣವನ್ನು ವಾಪಸ್ಸು ಮಾಡುತ್ತೇವೆ ಎಂದು ಪ್ರಕಟಿಸಿದರು. ದೇವರ ಮನೆಯನ್ನು ರಾಜಕೀಯಕ್ಕೆ ಬಳಸಿಕೊಳ್ಳಲು ಬಿಡುವುದಿಲ್ಲ ಎಂಬುದು ಅವರ ಪತ್ರದ ಸಾರ. ಇದರಲ್ಲೊಂದು ತಮಾಷೆಯಿದೆ. ಅದೇ ವರ್ಷದ ಜುಲೈನಲ್ಲಿ, ತೆರಿಗೆ ಮಸೂದೆಯ ವಿರುದ್ಧ ಯುವಜನರು ಬೀದಿಗಿಳಿದು ದೇಶವೇ ಅಲ್ಲಾಡಿದ ಮೇಲೆ, ಅಧಿಕಾರದಲ್ಲಿರುವವರು ಸಾರ್ವಜನಿಕ ವಂತಿಗೆ ಸಭೆಗಳಲ್ಲಿ ಭಾಗವಹಿಸಕೂಡದು ಎಂದು ಅಪ್ಪಣೆ ಹೊರಡಿಸಿದ್ದವರು ಇದೇ ರುಟೊ. ಐದು ತಿಂಗಳು ಕಳೆಯುವುದರೊಳಗೆ ಅವರೇ ಅದನ್ನು ಮುರಿದಂತಾಯಿತು.

ಹಣ ಹಿಂತಿರುಗಿಸಿದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಕೀನ್ಯಾದ ಯುವಕರು ಆ ಹೊತ್ತಿಗಾಗಲೇ ಬೇರೊಂದು ಪ್ರಶ್ನೆ ಕೇಳತೊಡಗಿದ್ದರು. ವಾರ ವಾರವೂ ಚರ್ಚುಗಳಿಗೆ ಲಕ್ಷಗಟ್ಟಲೆ ಹಂಚುವ ಈ ಜನರ ಸಂಬಳ ಎಷ್ಟು, ಹಂಚುವ ಹಣ ಎಲ್ಲಿಂದ ಬರುತ್ತದೆ? ದಾನ ಮತ್ತು ರಾಜಕಾರಣದ ಬಗ್ಗೆ ದಶಕಗಳಿಂದ ನಡೆದಿರುವ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಪ್ರಶ್ನೆಯೇ. ಅತ್ಯಂತ ಕಡಿಮೆ ಕೇಳಿಸುವುದೂ ಇದೇ. ನಮ್ಮ ಕಣ್ಣು ಯಾವಾಗಲೂ ಇಸಿದುಕೊಂಡವರ ಮೇಲಿರುತ್ತದೆ. ಸೀರೆಗೆ ವೋಟು ಮಾರಿಕೊಂಡಳು, ಕುಕ್ಕರಿಗೆ ಮರುಳಾದ ಎಂದು ಬಡವರನ್ನು ಬಯ್ಯುವುದು ಸುಲಭ. ಅದಾದ ಮೇಲೆ ಕೊಟ್ಟವನ ಉದ್ದೇಶವನ್ನು ಶಂಕಿಸುತ್ತೇವೆ. ಕೊಡುವ ಮೊದಲು ಆತ ಕೂಡಿಸಿದ್ದು ಹೇಗೆ ಎಂಬಲ್ಲಿಗೆ ಮಾತು ಹೋಗುವುದೇ ಅಪರೂಪ.

ಕೀನ್ಯಾದ ವಂತಿಗೆ ಪದ್ಧತಿಗೆ ಹರಾಂಬೆ ಎನ್ನುತ್ತಾರೆ. ಎಲ್ಲರೂ ಸೇರಿ ಎಳೆಯೋಣ ಎಂದು ಅರ್ಥ. 1963ರಲ್ಲಿ ಸ್ವಾತಂತ್ರ್ಯ ಬರುವ ಹೊತ್ತಿಗೆ ಜೋಮೊ ಕೆನ್ಯಾಟ ಅದನ್ನು ದೇಶದ ಘೋಷವಾಗಿ ಮಾಡಿದರು. ಬೊಕ್ಕಸದಲ್ಲಿ ಹಣವಿಲ್ಲದ ಹೊಸ ಸರಕಾರ, ಶಾಲೆಗಾಗಿ ಹಾತೊರೆಯುವ ಜನ. ಊರವರೇ ಕಲ್ಲು ಹೊತ್ತು, ಕಾಸು ಹಾಕಿ ಶಾಲೆ, ಆಸ್ಪತ್ರೆ, ನೀರಿನ ಕೊಳವೆಗಳನ್ನು ಮಾಡಿಕೊಂಡರು. ಇದು ಬೂಟಾಟಿಕೆಯಾಗಿರಲಿಲ್ಲ. ಆ ದೇಶದ ಪ್ರೌಢಶಾಲೆಗಳ ದೊಡ್ಡ ಪಾಲು ಹರಾಂಬೆಯಿಂದಲೇ ಎದ್ದಿತು. ಕೆನ್ಯಾಟರ ಜಾಣತನ ಇನ್ನೊಂದು ಕಡೆಯಿತ್ತು. ಪಕ್ಷದ ಸಂಘಟನೆಯನ್ನು ಬೆಳೆಸುವ ಬದಲು, ಶಾಸಕರನ್ನು ಅವರವರ ಊರಿನ ವಂತಿಗೆ ಸಭೆಗಳಿಗೆ ಕಳಿಸಿಬಿಟ್ಟರು. ಹೆಚ್ಚು ಕೊಟ್ಟವನೇ ದೊಡ್ಡ ನಾಯಕ. ನೀತಿಯ ಬಗ್ಗೆ ಸಂಸತ್ತಿನಲ್ಲಿ ಜಗಳವಾಡುವುದಕ್ಕಿಂತ ಮುಂದಿನ ಹರಾಂಬೆಗೆ ಹಣ ಹೊಂದಿಸುವುದೇ ಅವರ ದೊಡ್ಡ ಚಿಂತೆಯಾಯಿತು. ಅವರ ನಂತರ ಅಧ್ಯಕ್ಷರಾದ ಡೇನಿಯಲ್ ಅರಪ್ ಮೋಯ್ ಕಾಲಕ್ಕೆ ವಂತಿಗೆ ಎಂಬುದು ವಸೂಲಿಯಾಗಿ ತಿರುಗಿತ್ತು. ಊರ ಅಧಿಕಾರಿಯ ಮುಂದೆ ಕಾಗದಕ್ಕೆ ಸಹಿ ಹಾಕಿಸಲು ನಿಂತ ರೈತ ಮೊದಲು ಹರಾಂಬೆ ರಸೀದಿ ತೋರಿಸಬೇಕಾದ ಪರಿಸ್ಥಿತಿ. 2003ರಲ್ಲಿ ಬಂದ ಸಾರ್ವಜನಿಕ ಅಧಿಕಾರಿಗಳ ನೀತಿ ಕಾಯ್ದೆ, ಕಚೇರಿಯಲ್ಲಿ ವಂತಿಗೆ ಎತ್ತುವುದನ್ನೂ ಕೈಕೆಳಗಿನವರಿಂದ ಹಣ ಪಡೆಯುವುದನ್ನೂ ನಿಷೇಧಿಸಿತು. ನಿಷೇಧದ ಭಾಷೆಯೇ ರೋಗವೇನಿತ್ತು ಎಂಬುದನ್ನು ಹೇಳುತ್ತದೆ.

ಬಡ ದೇಶಗಳಷ್ಟೇ ಈ ದಾರಿ ಹಿಡಿದವೆಂದಲ್ಲ. 1940ರ ದಶಕದ ಅರ್ಜೆಂಟಿನಾ ಬಡ ದೇಶವಾಗಿರಲಿಲ್ಲ. ಸಂಪತ್ತನ್ನು ಹಂಚಿಕೊಳ್ಳುವ ವ್ಯವಸ್ಥೆ ಇಲ್ಲದ ದೇಶವಾಗಿತ್ತು. ಅಲ್ಲಿ 1823ರಿಂದ ಬ್ಯೂನಸ್ ಐರಿಸ್‌ನ ಶ್ರೀಮಂತ ಮನೆತನಗಳ ಹೆಂಗಸರು ನಡೆಸಿಕೊಂಡು ಬಂದಿದ್ದ ಧರ್ಮಸಂಸ್ಥೆಯನ್ನು ಪೆರೋನ್ ಸರಕಾರ ಅಧಿಕಾರಕ್ಕೆ ಬಂದೊಡನೆ ಕೈವಶ ಮಾಡಿಕೊಂಡಿತು. 1948ರಲ್ಲಿ ಅಧ್ಯಕ್ಷರ ಪತ್ನಿ ಇವಾ ಪೆರೋನ್ ತಮ್ಮ ಹೆಸರಿನ ಪ್ರತಿಷ್ಠಾನ ತೆರೆದರು. ದಿನವೂ ಗಂಟೆಗಟ್ಟಲೆ ಕೂತು ಅಹವಾಲು ಕೇಳುತ್ತಿದ್ದರು. ಹೊಲಿಗೆ ಯಂತ್ರ, ಬೂಟು, ಹಾಸಿಗೆ, ಮಕ್ಕಳಿಗೆ ಗೊಂಬೆ, ಕ್ರಿಸ್‌ಮಸ್‌ಗೆ ಸಿಹಿ ರೊಟ್ಟಿ ಕೊಟ್ಟರು. ಆಸ್ಪತ್ರೆ, ವೃದ್ಧಾಶ್ರಮ, ದುಡಿಯುವ ಹೆಣ್ಣುಮಕ್ಕಳ ವಸತಿಗೃಹಗಳನ್ನೂ ಕಟ್ಟಿಸಿದರು. ಪಡೆದವರ ಪಾಲಿಗೆ ಅದು ನಿಜವಾದ ಸಹಾಯ. ಇವಾ ಅವರ ಚಿತ್ರವನ್ನು ದೇವರ ಪಟದ ಪಕ್ಕದಲ್ಲಿಟ್ಟವರನ್ನು ಮೂಢರೆಂದು ಕರೆಯಲು ನಾನು ಸಿದ್ಧನಿಲ್ಲ. ಅದುವರೆಗೆ ಅವರನ್ನು ಕಣ್ಣೆತ್ತಿ ನೋಡಿದವರೇ ಇರಲಿಲ್ಲ.

ಹಣದ ಮೂಲ ಮಾತ್ರ ಬೇರೆಯೇ ಕಥೆ. ಕಾರ್ಮಿಕ ಸಂಘಗಳ ಒಪ್ಪಿಗೆಯ ಹೆಸರಿನಲ್ಲಿ ವರ್ಷಕ್ಕೆ ಎರಡು ದಿನದ, ಅಂದರೆ ಮೇ 1 ಮತ್ತು ಅಕ್ಟೋಬರ್ 12ರ ರಜಾ ದಿನಗಳ ಕೂಲಿ ಪ್ರತಿಷ್ಠಾನಕ್ಕೆ ಹೋಗುತ್ತಿತ್ತು. ಕಂಪನಿಗಳ ಕಾಣಿಕೆಯೂ ಬರುತ್ತಿತ್ತು. ಕಳಿಸಿದ ಮಿಠಾಯಿಗೆ ದುಡ್ಡು ಕೇಳಿದ ಒಂದು ಕಾರ್ಖಾನೆಗೆ ಆರೋಗ್ಯ ಇಲಾಖೆಯ ತಪಾಸಕರು ಬಂದು ಬೀಗ ಹಾಕಿಸಿದ ಪ್ರಸಂಗವನ್ನು ಆ ಕಾಲದ ಬಗ್ಗೆ ಬರೆದ ಹಲವರು ಹೇಳುತ್ತಾರೆ. ಹಾಗಾಗಿ ಕೂಲಿಯವನಿಗೆ ಸಿಕ್ಕ ಬೂಟಿನಲ್ಲಿ ಅವನದೇ ಕೂಲಿಯೂ ಸೇರಿತ್ತು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಇನ್ನೊಬ್ಬರದು. 1955ರಲ್ಲಿ ಪೆರೋನ್ ಪದಚ್ಯುತರಾದಾಗ ಸೈನ್ಯಕ್ಕೆ ಈ ಹೆಸರಿನ ಶಕ್ತಿ ಚೆನ್ನಾಗಿ ಗೊತ್ತಿತ್ತು. ಪ್ರತಿಷ್ಠಾನವನ್ನು ಮುಚ್ಚಿದ್ದು ಸಾಲದೆಂದು, ಮುಂದಿನ ವರ್ಷದ ಒಂದು ಆಜ್ಞೆಯಲ್ಲಿ ಪೆರೋನ್ ದಂಪತಿಯ ಹೆಸರನ್ನು ಸಾರ್ವಜನಿಕವಾಗಿ ಎತ್ತುವುದನ್ನೇ ಅಪರಾಧವಾಗಿಸಿತು.

ಕೂಡಿಸುವ ಕಲೆಯನ್ನು ಪರಿಪೂರ್ಣಗೊಳಿಸಿದ್ದು ಇಂಡೋನೇಷ್ಯಾದ ಸುಹಾರ್ತೊ. ಈ ಪ್ರಕರಣದ ಬಗ್ಗೆ ಕನ್ನಡದಲ್ಲಿ ಹೆಚ್ಚು ಬರೆದಂತಿಲ್ಲ, ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. 1974ರಲ್ಲಿ ಅವರು ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ಪ್ರತಿಷ್ಠಾನವೊಂದನ್ನು ಆರಂಭಿಸಿದರು. ಹೆಸರು ಸೂಪರ್‌ಸೆಮಾರ್. 1966ರ ಮಾರ್ಚ್ 11ರಂದು ಸುಕರ್ಣೊ ಕೈಯಿಂದ ಸುಹಾರ್ತೊ ಕೈಗೆ ಅಧಿಕಾರ ದಾಟಿಸಿದ ಪತ್ರದ ಹೆಸರೇ ಅದು. ವಿದ್ಯಾರ್ಥಿವೇತನಕ್ಕೆ ಅಧಿಕಾರಪತ್ರದ ಹೆಸರಿಡುವಾಗ ಯಾರಿಗೂ ಮುಜುಗರವಾಗಲಿಲ್ಲ! 1976ರ ಸರಕಾರಿ ನಿಯಮ, 1978ರ ಹಣಕಾಸು ಸಚಿವರ ಆದೇಶ, ಇವೆರಡರ ಬಲದಿಂದ ಸರಕಾರಿ ಬ್ಯಾಂಕುಗಳು ತಮ್ಮ ನಿವ್ವಳ ಲಾಭದಲ್ಲಿ ಶೇ. 5ನ್ನು ಸಮಾಜ ಕಾರ್ಯಕ್ಕೆಂದು ತೆಗೆದಿಡಬೇಕಾಯಿತು. ಅದರ ಅರ್ಧ ಸೂಪರ್‌ಸೆಮಾರ್‌ನ ಖಾತೆಗೆ. ಪ್ರತಿಷ್ಠಾನದ ಅಧ್ಯಕ್ಷರು ಸ್ವತಃ ದೇಶದ ಅಧ್ಯಕ್ಷರು. ಇಂಥವೇ ಇನ್ನೂ ಹಲವು ಪ್ರತಿಷ್ಠಾನಗಳು ಹುಟ್ಟಿದವು: ಒಂದು ಅನಾಥರಿಗೆ, ಒಂದು ಮಸೀದಿ ಕಟ್ಟಲು, ಇನ್ನೊಂದು ನೇರವಾಗಿ ಆಳುವ ಗೋಲ್ಕಾರ್ ಪಕ್ಷದ ಖರ್ಚಿಗೆ. 1996ರ ಹೊತ್ತಿಗೆ, ವರ್ಷಕ್ಕೆ 10 ಕೋಟಿ ರುಪಯಾಗಿಂತ ಹೆಚ್ಚು ಆದಾಯವಿದ್ದವರೂ ಕಂಪನಿಗಳೂ ಅದರ ಶೇ. 2ನ್ನು ಬಡತನ ನಿವಾರಣೆಯ ಮತ್ತೊಂದು ಪ್ರತಿಷ್ಠಾನಕ್ಕೆ ಕೊಡಬೇಕೆಂಬ ಆದೇಶವೂ ಬಂತು.

ಸೂಪರ್‌ಸೆಮಾರ್ ನೆರವಿನಿಂದ ಓದಿದ ವಿದ್ಯಾರ್ಥಿಗಳು ಬಹಳಷ್ಟು ಮಂದಿ. ಅವರ ಓದು ಸುಳ್ಳಲ್ಲ. ಆದರೆ ಅದೇ ಖಜಾನೆಯಿಂದ 42 ಕೋಟಿ ಡಾಲರ್ ಒಂದು ಖಾಸಗಿ ಬ್ಯಾಂಕಿಗೂ, ಇನ್ನಷ್ಟು ಹಣ ಸುಹಾರ್ತೊ ಮಗನ ಪಾಲಿದ್ದ ವಿಮಾನ ಕಂಪನಿಗೂ ಹರಿದಿತ್ತು ಎಂಬುದು ಮುಂದೆ ನ್ಯಾಯಾಲಯದಲ್ಲಿ ಹೊರಬಿತ್ತು. 1998ರಲ್ಲಿ ಸುಹಾರ್ತೊ ಇಳಿದರು, 2008ರಲ್ಲಿ ತೀರಿಕೊಂಡರು. 2015ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಪ್ರತಿಷ್ಠಾನವು ಸರಕಾರಕ್ಕೆ 4.4 ಲಕ್ಷ ಕೋಟಿ ರುಪಯಾ ಮರಳಿಸಬೇಕೆಂದು ಅಂತಿಮ ತೀರ್ಪು ಕೊಟ್ಟಿತು. ತೆರಿಗೆಯಾಗಿ ಬಂದಿದ್ದರೆ ಸಂಸತ್ತು ಲೆಕ್ಕ ಕೇಳಬೇಕಿದ್ದ ಹಣವದು. ದಾನವೆಂಬ ಹೆಸರು ಹೊತ್ತ ಕ್ಷಣದಿಂದ ಲೆಕ್ಕ ಕೇಳುವವರೇ ಇಲ್ಲವಾದರು.

ಅಧಿಕಾರದಲ್ಲಿರುವವರ ಕಥೆ ಇದಾದರೆ, ಅಧಿಕಾರದ ಹೊರಗಿದ್ದು ಸೇವೆಯ ದಾರಿಯಲ್ಲಿ ಬೆಳೆದವರದು ಬೇರೆ ಬಗೆ. 1992ರ ಅಕ್ಟೋಬರ್ 12ರಂದು ಕೈರೋದಲ್ಲಿ ಭೂಕಂಪವಾಗಿ 500ಕ್ಕೂ ಹೆಚ್ಚು ಮಂದಿ ಸತ್ತಾಗ, ಸರಕಾರಕ್ಕಿಂತ ಮುಂಚೆ ಡೇರೆ, ಕಂಬಳಿ, ವೈದ್ಯರೊಂದಿಗೆ ಬಂದದ್ದು ಮುಸ್ಲಿಂ ಬ್ರದರ್‌ಹುಡ್ ಮತ್ತು ಅದರ ಹಿಡಿತದಲ್ಲಿದ್ದ ವೈದ್ಯರ ಸಂಘ. ಮುಬಾರಕ್ ಸರಕಾರ ಎಚ್ಚೆತ್ತು ಮಾಡಿದ ಕೆಲಸವೆಂದರೆ, ಅನುಮತಿಯಿಲ್ಲದೆ ಪರಿಹಾರ ನಿಧಿ ಎತ್ತುವುದನ್ನು ನಿಷೇಧಿಸಿ ಸೈನಿಕ ಆಜ್ಞೆ ಹೊರಡಿಸಿದ್ದು. 2005ರ ಚುನಾವಣೆಯಲ್ಲಿ ಬ್ರದರ್‌ಹುಡ್ ಬೆಂಬಲಿತರು 88 ಸ್ಥಾನ ಗೆದ್ದಾಗ, ಬಡವರಿಗೆ ಅನ್ನ ಹಾಕಿ ವೋಟು ತೆಗೆದುಕೊಂಡರೆಂದು ಎಲ್ಲರೂ ವಿವರಿಸಿದರು. ಸಂಶೋಧಕರು ಹೋಗಿ ನೋಡಿದಾಗ ಚಿತ್ರ ಬೇರೆಯಿತ್ತು. ಜನೀನ್ ಕ್ಲಾರ್ಕ್ 2004ರಲ್ಲಿ, ಸ್ಟೀವನ್ ಬ್ರೂಕ್ 2019ರಲ್ಲಿ ಪ್ರಕಟಿಸಿದ ಪುಸ್ತಕಗಳ ಪ್ರಕಾರ ಆ ಆಸ್ಪತ್ರೆಗಳು ಹೆಚ್ಚಾಗಿ ಮಧ್ಯಮ ವರ್ಗದವು. ಪುಕ್ಕಟೆಯಲ್ಲ, ಅಗ್ಗ. ಶುಚಿಯಾದ ಕೋಣೆ, ಗದರಿಸದ ನರ್ಸು, ಲಂಚ ಕೇಳದ ಗುಮಾಸ್ತ. ಇವರಿಗೆ ಆಡಳಿತ ಕೊಟ್ಟರೆ ಹೀಗಿರಬಹುದು ಎಂಬ ಮಾದರಿಯನ್ನು ಅಲ್ಲಿ ತೋರಿಸಲಾಗುತ್ತಿತ್ತು.

ಭಾರತದಲ್ಲಿ ಇದಕ್ಕೆ ಹತ್ತಿರದ ಅಧ್ಯಯನ ತಾರಿಕ್ ಥಚಿಲ್ ಅವರದು. ಮೇಲ್ಜಾತಿಗಳ ಪಕ್ಷವೆನಿಸಿದ್ದ ಬಿಜೆಪಿ ಛತ್ತೀಸ್‌ಗಢದಂಥ ಕಡೆ ಆದಿವಾಸಿಗಳ ಮತ ಪಡೆದದ್ದು ಹೇಗೆ ಎಂದು ಅವರು ಕೇಳಿದರು. 1952ರಲ್ಲಿ ಜಶ್‌ಪುರದಲ್ಲಿ ಶುರುವಾದ ವನವಾಸಿ ಕಲ್ಯಾಣ ಆಶ್ರಮ ಮತ್ತು ಅದರಂಥ ಸಂಸ್ಥೆಗಳ ಶಾಲೆ, ಔಷಧ, ಹಾಸ್ಟೆಲುಗಳಲ್ಲಿ ಉತ್ತರ ಹುಡುಕಿದರು. ಪಕ್ಷ ತನ್ನ ಹಳೆಯ ಬೆಂಬಲಿಗರ ಹಿತಕ್ಕೆ ಧಕ್ಕೆ ತರುವ ನೀತಿಗಳನ್ನು ಮಾಡಬೇಕಾಗಲಿಲ್ಲ. ರಾಷ್ಟ್ರೀಯ ಸ್ವಯಂಸೇವಕ ಸಂಘದ ಕಾರ್ಯಕರ್ತರ ಸೇವೆ ಆ ಜಾಗ ತುಂಬಿತು ಎಂಬುದು ಅವರ ವಾದ. ಆ ಸೇವೆಯ ಹಿಂದೆ ದಶಕಗಳ ಕಾಲ ಕಾಡಿನಲ್ಲಿ ಬದುಕಿದ ಕಾರ್ಯಕರ್ತರಿದ್ದರು ಎಂಬುದನ್ನು ವಿರೋಧಿಗಳೂ ಒಪ್ಪಬೇಕು. ಕ್ರೈಸ್ತ ಮಿಷನರಿಗಳ ಶಾಲೆಗೆ ಪೈಪೋಟಿಯಾಗಿ ಅದು ಹುಟ್ಟಿತೆಂಬುದನ್ನು ಬೆಂಬಲಿಗರೂ ಒಪ್ಪಬೇಕು.

ಸೇವೆ ಮಾಡಿದ ಮಾತ್ರಕ್ಕೆ ವೋಟು ಬರುವುದಿಲ್ಲ ಎಂಬುದಕ್ಕೆ ಪಾಕಿಸ್ತಾನ ಸಾಕ್ಷಿ. ಇಮ್ರಾನ್ ಖಾನ್ ಜನರಿಂದ ಹಣ ಕೂಡಿಸಿ ತಾಯಿಯ ಹೆಸರಿನಲ್ಲಿ ಲಾಹೋರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆದದ್ದು 1994ರ ಡಿಸೆಂಬರಿನಲ್ಲಿ. ಪಕ್ಷ ಕಟ್ಟಿದ್ದು 1996ರಲ್ಲಿ. 1997ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಂದೇ ಒಂದು ಸ್ಥಾನ ಬರಲಿಲ್ಲ. ಪ್ರಧಾನಿಯಾಗಲು 2018ರವರೆಗೆ ಕಾಯಬೇಕಾಯಿತು.

ಪಡೆದುಕೊಳ್ಳುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಅವರಿಗೆ ಅನ್ಯಾಯವಾಗಿದೆ. 2009ರಲ್ಲಿ ಟರ್ಕಿಯ ತುಂಜೆಲಿ ಪ್ರಾಂತ್ಯದಲ್ಲಿ ಸ್ಥಳೀಯ ಚುನಾವಣೆಗೆ ಮುಂಚೆ ಬಡ ಕುಟುಂಬಗಳಿಗೆ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರಗಳನ್ನು ಸರಕಾರಿ ನೆರವು ನಿಧಿಯಿಂದ ಲಾರಿಗಟ್ಟಲೆ ಹಂಚಿದರು. ನಲ್ಲಿ ನೀರೇ ಬಾರದ ಹಳ್ಳಿಗೂ ಒಗೆಯುವ ಯಂತ್ರ ಬಂತು. ಜನ ತೆಗೆದುಕೊಂಡರು. ಮತ ಎಣಿಸಿದಾಗ ತುಂಜೆಲಿ ಪಟ್ಟಣದಲ್ಲಿ ಆಳುವ ಪಕ್ಷ ಸೋತಿತ್ತು, ಕುರ್ದಿಷ್ ಪಕ್ಷದ ಮಹಿಳೆ ಮೇಯರ್ ಆದರು. ಇನ್ನೊಂದು ತುದಿಯಲ್ಲಿ ನೈಜೀರಿಯಾದ ಎಕಿಟಿ ರಾಜ್ಯವಿದೆ. 2014ರಲ್ಲಿ ಅಲ್ಲಿ ರಸ್ತೆ, ಶಾಲೆ ಎಂದು ಮಾತಾಡುತ್ತಿದ್ದ ಗವರ್ನರನ್ನು ಅಕ್ಕಿ ಚೀಲ ಹಂಚಿದ ಅಯೋ ಫಯೋಸೆ ಸೋಲಿಸಿದರು. ಗೆದ್ದ ಮೇಲೆ ಜನರ ಹೊಟ್ಟೆಯ ವ್ಯವಹಾರ ನೋಡಿಕೊಳ್ಳಲೆಂದೇ ಒಬ್ಬ ವಿಶೇಷ ಸಹಾಯಕನನ್ನು ನೇಮಿಸಿದರು. ಎರಡೂ ನಿಜ. ಕೀನ್ಯಾದಲ್ಲಿ ಕೆಲಸ ಮಾಡಿದ ಎರಿಕ್ ಕ್ರೇಮನ್ ಹೇಳುವಂತೆ, ಹಂಚಿಕೆಯಿಂದ ಮತದಾರ ತಿಳಿದುಕೊಳ್ಳುವುದು ಈ ಮನುಷ್ಯನ ಕೈಯಲ್ಲಿ ಏನಾಗುತ್ತದೆ, ನಾಳೆ ನನ್ನ ಕಷ್ಟಕ್ಕೆ ಆಗುತ್ತಾನೋ ಇಲ್ಲವೋ ಎಂಬುದನ್ನು. ಆಸ್ಪತ್ರೆಯ ಬಿಲ್ಲಿಗೂ ಮಗಳ ಮದುವೆಗೂ ಸಾವಿನ ಮನೆಯ ಖರ್ಚಿಗೂ ಸರಕಾರ ಬರುವುದಿಲ್ಲ ಎಂದು ಗೊತ್ತಿರುವ ಮನುಷ್ಯನಿಗೆ ಇದು ಸಣ್ಣ ಮಾಹಿತಿಯಲ್ಲ. ಘಾನಾದ ಶಾಸಕರು ತಮ್ಮ ದಿನದ ಎಷ್ಟೋ ಪಾಲು ಶಾಲಾ ಶುಲ್ಕ, ಶವಸಂಸ್ಕಾರದ ಕೋರಿಕೆಗಳಿಗೇ ಹೋಗುತ್ತದೆ ಎಂದು ಸಂಶೋಧಕರ ಮುಂದೆ ಗೋಳು ಹೇಳಿಕೊಂಡಿದ್ದಾರೆ. ನಮ್ಮ ಯಾವುದೇ ಎಂಎಲ್‌ಎ ಮನೆಯಂಗಳಕ್ಕೆ ಬೆಳಗ್ಗೆ ಏಳಕ್ಕೆ ಹೋದವರಿಗೆ ಇದು ಹೊಸದೇನಲ್ಲ.

ಇದುವರೆಗೆ ಹೇಳಿದ್ದು ದೇಶದೊಳಗಿನ ಹಂಚಿಕೆ. ವಿದೇಶದಿಂದ ಬರುವ ದಾನದ ಮೇಲೆ ಸರಕಾರಗಳ ಕಣ್ಣು ಬೇರೆಯೇ ತೀಕ್ಷ್ಣವಾಗಿರುತ್ತದೆ. ಜಿಂಬಾಬ್ವೆ 2008ರ ಜೂನಿನಲ್ಲಿ, ಅಧ್ಯಕ್ಷ ಸ್ಥಾನದ ಎರಡನೇ ಸುತ್ತಿನ ಮತದಾನಕ್ಕೆ ಮುಂಚೆ, ನೆರವು ಸಂಸ್ಥೆಗಳು ಹಳ್ಳಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿತು. ಹಸಿದವನಿಗೆ ಧಾನ್ಯ ಯಾರ ಕೈಯಿಂದ ಸಿಗುತ್ತದೆ ಎಂಬುದು ಅಧ್ಯಕ್ಷ ಮುಗಾಬೆಗೆ ಅಷ್ಟು ಮುಖ್ಯವಾಗಿತ್ತು. ಇಥಿಯೋಪಿಯಾದ 2009ರ ಕಾನೂನು, ಶೇ. 10ಕ್ಕಿಂತ ಹೆಚ್ಚು ವಿದೇಶಿ ಹಣ ಪಡೆಯುವ ಸಂಸ್ಥೆಗಳು ಮಾನವ ಹಕ್ಕುಗಳ ಸುದ್ದಿಗೇ ಹೋಗಬಾರದೆಂದಿತು. 2019ರಲ್ಲಿ ಅದು ರದ್ದಾಯಿತು. ನಮ್ಮ ವಿದೇಶಿ ವಂತಿಗೆ ಕಾಯ್ದೆ ಹುಟ್ಟಿದ್ದು 1976ರ ತುರ್ತು ಪರಿಸ್ಥಿತಿಯಲ್ಲಿ. 2020ರ ತಿದ್ದುಪಡಿ ಸಂಸ್ಥೆಗಳ ಆಡಳಿತ ವೆಚ್ಚವನ್ನು ಶೇ. 50ರಿಂದ 20ಕ್ಕೆ ಇಳಿಸಿ, ಎಲ್ಲ ವಿದೇಶಿ ಹಣವೂ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಮೂಲಕ ಬರಬೇಕೆಂದು ಕಟ್ಟು ಹಾಕಿತು. ಆದರೆ 2016 ಮತ್ತು 2018ರ ಹಣಕಾಸು ಮಸೂದೆಗಳಲ್ಲಿ ರಾಜಕೀಯ ಪಕ್ಷಗಳು ಪಡೆದ ವಿದೇಶಿ ಮೂಲದ ಹಣಕ್ಕೆ ಪೂರ್ವಾನ್ವಯವಾಗಿ, 1976ರ ಆಗಸ್ಟಿನಷ್ಟು ಹಿಂದಿನಿಂದ, ವಿನಾಯಿತಿಯ ದಾರಿ ಮಾಡಿಕೊಡಲಾಯಿತು. ಹಳ್ಳಿಯ ಒಂದು ಸ್ವಯಂಸೇವಾ ಸಂಸ್ಥೆಗೆ ಇರುವಷ್ಟು ಬಿಗಿ ಪಕ್ಷಕ್ಕಿಲ್ಲ.

ಕೋವಿಡ್ ಕಾಲದಲ್ಲಿ ನಮ್ಮಲ್ಲಿ ನಡೆದದ್ದನ್ನು ಕೂಡಿಸುವ ಕೈಯ ದೃಷ್ಟಿಯಿಂದ ಮತ್ತೆ ನೋಡಬೇಕು. 2020ರ ಮಾರ್ಚ್ 28ರಂದು ಪಿಎಂ ಕೇರ್ಸ್ ನಿಧಿ ಘೋಷಣೆಯಾಯಿತು. ಕಂಪನಿಗಳು ಅದಕ್ಕೆ ಕೊಟ್ಟ ಹಣವನ್ನು 2013ರ ಕಂಪನಿ ಕಾಯ್ದೆ ಕಡ್ಡಾಯ ಮಾಡಿರುವ ಶೇ. 2ರ ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಹಿಡಿಯಬಹುದು, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟದ್ದನ್ನು ಹಿಡಿಯುವಂತಿಲ್ಲ ಎಂದು ಕೇಂದ್ರ ಸ್ಪಷ್ಟಪಡಿಸಿತು. ಕಂದಾಯ ಇಲಾಖೆಯ ಒಂದು ಸುತ್ತೋಲೆ, ನೌಕರರು ತಿಂಗಳಿಗೆ ಒಂದು ದಿನದ ವೇತನ ಕೊಡಬೇಕೆಂದು ಕೋರಿ, ಒಪ್ಪದವರು ಲಿಖಿತವಾಗಿ ತಿಳಿಸಲಿ ಎಂದಿತು. ಮೇಲಧಿಕಾರಿಗೆ ಒಲ್ಲೆ ಎಂದು ಬರೆದುಕೊಡುವ ಗುಮಾಸ್ತನನ್ನು ಊಹಿಸಿಕೊಳ್ಳುವುದು ಕಷ್ಟ. ಪ್ರಧಾನಿಯ ಪದನಾಮ, ಸರಕಾರದ ಲಾಂಛನ ಎಲ್ಲವೂ ಇದ್ದ ಆ ನಿಧಿ ಸರಕಾರದ್ದಲ್ಲ, ಅದೊಂದು ಸಾರ್ವಜನಿಕ ದತ್ತಿ, ಆದ್ದರಿಂದ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬಾರದು ಎಂದು ದೆಹಲಿ ಹೈಕೋರ್ಟಿನಲ್ಲಿ ವಾದಿಸಲಾಯಿತು. ಅಲ್ಲಿಂದ ವೆಂಟಿಲೇಟರುಗಳು ಬಂದವು, ಆಮ್ಲಜನಕ ಘಟಕಗಳು ಬಂದವು. ಸುಹಾರ್ತೊಗೂ ಇದಕ್ಕೂ ಸಮ ಮಾಡುವುದು ಅತಿಯಾಗುತ್ತದೆ. ಆದರೂ ಕೂಡಿಸುವಾಗ ಸರಕಾರ, ಲೆಕ್ಕ ಕೇಳುವಾಗ ಖಾಸಗಿ ಎಂಬ ಏರ್ಪಾಡು ಯಾವ ಪಕ್ಷದ ಕೈಯಲ್ಲಿದ್ದರೂ ಅಪಾಯದ್ದೇ.

ಕರ್ನಾಟಕದಲ್ಲಿ ಈ ಹಣದ ಓಟಕ್ಕೆ ಇನ್ನೊಂದು ತಿರುವಿದೆ. ಇಲ್ಲಿ ಅನ್ನ, ಅಕ್ಷರ ಕೊಟ್ಟ ಹಿರಿಮೆ ಮಠಗಳದು. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಭಕ್ತರ ಕಾಳುಕಡಿಯಿಂದ ನಡೆದುಬಂದ ಇಂಥ ಕೆಲಸಕ್ಕೆ 2008ರ ನಂತರದ ಬಜೆಟ್ಟುಗಳಲ್ಲಿ ಸರಕಾರದ ಅನುದಾನವೂ ಸೇರತೊಡಗಿತು. ಯಾವ ಮಠಕ್ಕೆ ಎಷ್ಟು ಎಂಬುದಕ್ಕೆ ಅಳತೆಗೋಲೇನಿತ್ತು ಎಂದು ಕೇಳಿದರೆ ಜಾತಿಯ ಲೆಕ್ಕಾಚಾರದ ಉತ್ತರವೇ ಬರುತ್ತಿತ್ತು. ಕೊಟ್ಟದ್ದು ತೆರಿಗೆದಾರ, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡದ್ದು ಮಂತ್ರಿ.

ಪರಿಹಾರದ ವಿಷಯದಲ್ಲಿ ನನಗೆ ಬ್ರೆಜಿಲ್ ಎಲ್ಲರಿಗಿಂತ ಮುಂದೆ ಹೋದಂತೆ ಕಾಣುತ್ತದೆ. 1999ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಸಂಘಟನೆ ಮುಂದೆ ನಿಂತು ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ, ಮತಕ್ಕಾಗಿ ವಸ್ತು ಹಂಚಿದವರ ಅಭ್ಯರ್ಥಿತನವನ್ನೇ ರದ್ದು ಮಾಡುವ ಕಾನೂನನ್ನು ಸಂಸತ್ತಿನಿಂದ ಮಾಡಿಸಿತು. 2006ರ ಕಾನೂನು ಚುನಾವಣೆಯ ಇಡೀ ವರ್ಷ ಸರಕಾರ ಏನನ್ನೂ ಪುಕ್ಕಟೆ ಹಂಚಬಾರದೆಂದಿತು. ವಿಕೋಪದ ಸಂದರ್ಭ ಮತ್ತು ಹಿಂದಿನ ವರ್ಷದಿಂದಲೇ ಬಜೆಟ್ಟಿನಲ್ಲಿ ನಡೆದುಬಂದ ಯೋಜನೆಗಳಿಗೆ ಮಾತ್ರ ವಿನಾಯಿತಿ. ಆಮೇಲೆ ಸೇರಿಸಿದ ನಿಯಮ ಇನ್ನೂ ಹರಿತ. ಆ ಯೋಜನೆಗಳನ್ನೂ ಅಭ್ಯರ್ಥಿಯ ಹೆಸರಿಗೆ ತಳಕು ಹಾಕಿಕೊಂಡ ಅಥವಾ ಆತ ನಡೆಸುವ ಸಂಸ್ಥೆಯ ಕೈಯಿಂದ ಹಂಚಿಸುವಂತಿಲ್ಲ. ಹಂಚಿಕೆ ಅಲ್ಲಿ ನಿಂತಿದೆ ಎಂದಲ್ಲ. ಕಾನೂನಿನ ಗುರಿ ಮಾತ್ರ ಸರಿಯಾದ ಕಡೆಗಿದೆ.

ನಮ್ಮ ಕಾನೂನು ಆ ಗುರಿಯಿಂದ ಎಷ್ಟು ದೂರವಿದೆ ಎಂಬುದಕ್ಕೆ 2023ರ ಕರ್ನಾಟಕ ವಿಧಾನಸಭಾ ಚುನಾವಣೆ ನೋಡಿ. ನಗದು, ಮದ್ಯ, ಸೀರೆ, ಕುಕ್ಕರು ಎಲ್ಲ ಸೇರಿ ಆಯೋಗ ವಶಪಡಿಸಿಕೊಂಡದ್ದು ರೂ. 375 ಕೋಟಿಗೂ ಹೆಚ್ಚು, 2018ರ ನಾಲ್ಕು ಪಟ್ಟಿಗಿಂತ ಮೇಲೆ. ಅದೇ ವರ್ಷ ಮಾರ್ಚ್ 30ರಂದು, ತುಮಕೂರು ಗ್ರಾಮಾಂತರ ಕ್ಷೇತ್ರದ 2018ರ ಗೆಲುವನ್ನು ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಕಾರಣಕ್ಕೆ ಹೈಕೋರ್ಟು ರದ್ದುಪಡಿಸಿತು. ಆ ಹೊತ್ತಿಗೆ ಶಾಸಕರ ಅವಧಿಯೇ ಮುಗಿಯುತ್ತ ಬಂದಿತ್ತು. ಸುಪ್ರೀಂ ಕೋರ್ಟಿನಲ್ಲಿ ಮಧ್ಯಂತರ ಪರಿಹಾರ ಸಿಕ್ಕಿ ಅವರು ಮತ್ತೆ ಸ್ಪರ್ಧಿಸಿದರು.

ಹೀಗೆ ಹಂಚುವವರನ್ನು ಹಿಡಿಯುವುದು ಕಷ್ಟವಾಗಲು ಒಂದು ಹಳೆಯ ಕಾರಣವಿದೆ. ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಮೊದಲು, ತಾನು ಸ್ಪರ್ಧಿಸುತ್ತೇನೆಂದು ತೋರಿಸಿಕೊಂಡ ದಿನದಿಂದಲೇ ಒಬ್ಬನನ್ನು ಅಭ್ಯರ್ಥಿ ಎಂದು ಪರಿಗಣಿಸಲಾಗುತ್ತಿತ್ತು. ರಾಯ್‌ಬರೇಲಿ ಚುನಾವಣಾ ಮೊಕದ್ದಮೆಯಲ್ಲಿ ಇಂದಿರಾ ಗಾಂಧಿ ಅಭ್ಯರ್ಥಿಯಾದದ್ದು 1970ರ ಡಿಸೆಂಬರ್ 29ರ ಪತ್ರಿಕಾಗೋಷ್ಠಿಯಂದೋ, 1971ರ ಫೆಬ್ರವರಿ 1ರಂದು ನಾಮಪತ್ರ ಕೊಟ್ಟಾಗಲೋ ಎಂಬ ಪ್ರಶ್ನೆಗೆ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಮೊದಲ ದಿನಾಂಕವನ್ನೇ ಹಿಡಿದರು. 1975ರ ಜೂನ್ 12ರ ಆ ತೀರ್ಪಾದ ಎರಡೇ ತಿಂಗಳಲ್ಲಿ ಸಂಸತ್ತು ವ್ಯಾಖ್ಯೆಯನ್ನು ತಿದ್ದಿತು: ನಾಮನಿರ್ದೇಶನವಾದ ಮೇಲಷ್ಟೇ ಅಭ್ಯರ್ಥಿ. ತುರ್ತು ಪರಿಸ್ಥಿತಿಯ ಎಷ್ಟೋ ತಿದ್ದುಪಡಿಗಳು ಆಮೇಲೆ ರದ್ದಾದವು, ಇದು ಉಳಿಯಿತು. ಹೀಗಾಗಿ ಯುಗಾದಿಗೆ ಸೀರೆ, ಜೂನ್‌ನಲ್ಲಿ ನೋಟ್‌ಬುಕ್, ದೀಪಾವಳಿಗೆ ಕುಕ್ಕರ್ ಹಂಚುತ್ತ, ತನ್ನದೇ ಹೆಸರಿನ ಟ್ರಸ್ಟಿನ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವನು ಗೆದ್ದ ಮೇಲೆ ಅವನ ಆಯ್ಕೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದರೆ, ಹಂಚಿದ ದಿನ ಅವನು ಕಾಯ್ದೆಯ ಪ್ರಕಾರ ಬರೀ ಸಮಾಜ ಸೇವಕ. ಟ್ರಸ್ಟಿಗೆ ಆ ಹಣ ಎಲ್ಲಿಂದ ಬಂತೆಂದು ಕೇಳಬೇಕಾದವರು ಆದಾಯ ತೆರಿಗೆಯವರು, ಅದೂ ಅವರಿಗೆ ಮನಸ್ಸು ಬಂದಾಗ.